ಎಂಟೂ ತನ್ನದೇ ಹಾಡಂತೆ!

ಒಂದೇ ಮೇಷ್ಟ್ರ ಹತ್ತಿರ ಪಾಠ ಕಲಿತವರು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು ನಮ್ಮದು. ಕೆಲವರು ಈಗಲೂ ಕಚೇರಿ ಮಾಡುತ್ತಾರೆ, ಕೆಲವರು ಪಾಠ ಹೇಳುತ್ತಾರೆ, ಉಳಿದವರು ಕೇಳುಗರು. ‘ಒಬ್ಬೊಬ್ಬರೂ ನಿಮಗೆ ಅತ್ಯಂತ ಇಷ್ಟವಾದ ಒಂದು ಕೃತಿ ಹಂಚಿಕೊಳ್ಳಿ’ ಅಂತ ಚಿಕ್ಕವನಾದ ಚಿನ್ಮಯ ಕೇಳಿದ್ದ. ಯಾರೂ ಉತ್ತರ ಕೊಡುವ ಮೊದಲೇ ರೇವತಿಯ ಫಾರ್ವರ್ಡ್ ಬಂದು ಬಿತ್ತು.

‘ಕಲಾವಿದರ ಅಹಂಕಾರ ನೋಡಿ! ನಿರ್ಜನ ದ್ವೀಪಕ್ಕೆ ಹೋಗುವುದಾದರೆ ಯಾವ ಎಂಟು ರೆಕಾರ್ಡು ಒಯ್ಯುತ್ತೀರಿ ಅಂತ ಬಿಬಿಸಿಯವರು ಒಬ್ಬ ಮಹಾನ್ ಗಾಯಕಿಯನ್ನು ಕೇಳಿದರು. ಎಂಟೂ ಆಕೆಯದೇ ಹಾಡು! ಅದೇ ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಹಾಡನ್ನು ಪ್ರಪಂಚದ ಸಂಗೀತಗಾರರೆಲ್ಲ ಓಟು ಹಾಕಿ ಆರಿಸಿ ನಾಸಾ ಮೂಲಕ ಬಾಹ್ಯಾಕಾಶಕ್ಕೆ ಕಳಿಸಿದರು. ಇದು ವಿನಯಕ್ಕೆ ಸಿಕ್ಕ ಫಲ. ಹತ್ತು ಜನರಿಗೆ ಕಳಿಸಿ.’

ಶ್ರೀಪಾದಣ್ಣ: ಅಕ್ಷರಶಃ ಸತ್ಯ. ಸಂಗೀತ ಕಲಿಯುವವನಿಗೆ ಮೊದಲು ಬರಬೇಕಾದ್ದು ವಿನಯ, ಆಮೇಲೆ ಸರಿಗಮ. ಈಗಿನವರಿಗೆ ತಮ್ಮ ವಿಡಿಯೋ ಬಿಟ್ಟು ಇನ್ನೊಬ್ಬರದು ಕೇಳೋಕೆ ಪುರುಸೊತ್ತೇ ಇಲ್ಲ.

ಗಿರೀಶ: ಗಾಯಕಿಯ ಹೆಸರೇನು? ಯಾವ ವರ್ಷ? ಮೂಲ ಎಲ್ಲಿದೆ?

ರೇವತಿ: ನಮ್ಮ ಅತ್ತಿಗೆ ಕಳಿಸಿದ್ದು ಕಣೋ. ಚೆನ್ನಾಗಿದೆ ಅಂತ ಹಾಕಿದೆ.

ಗಿರೀಶ: ಅತ್ತಿಗೆ ಮೂಲ ಆಗಲ್ಲ.

ರೇವತಿ: ನಮ್ಮ ಅತ್ತಿಗೆ ಸುದ್ದಿಗೆ ಬರಬೇಡ.

ಉಷಕ್ಕ: ಶ್ರೀಪಾದಣ್ಣ, ‘ಈಗಿನವರು’ ಅಂದರೆ ಯಾರು? ನೇರವಾಗಿ ಹೇಳಿ.

ಇದಕ್ಕೊಂದು ಹಿನ್ನೆಲೆ ಇದೆ. ಹಿಂದೊಮ್ಮೆ ಇದೇ ಥರ ಇಷ್ಟದ ಕೃತಿ ಹಂಚಿಕೊಳ್ಳುವ ಮಾತು ಬಂದಾಗ ಉಷಕ್ಕ ತಾನೇ ಹಾಡಿದ್ದೊಂದರ ಲಿಂಕ್ ಹಾಕಿದ್ದಳು. ಶ್ರೀಪಾದಣ್ಣ ಅದಕ್ಕೆ ಒಂದು ಅಕ್ಷರವನ್ನೂ ಬರೆಯದೆ ಬರೀ ಕೈಮುಗಿದ ಗುರುತು ಒತ್ತಿದ್ದರು. ಆ ಕೈಮುಗಿದದ್ದರ ಅರ್ಥ ಏನು ಅನ್ನುವುದು ಅವತ್ತಿನಿಂದಲೂ ಇತ್ಯರ್ಥವಾಗಿಲ್ಲ.

ಶ್ರೀಪಾದಣ್ಣ: ಸಾಮಾನ್ಯವಾಗಿ ಹೇಳಿದೆ ಉಷಾ. ಕುಂಬಳಕಾಯಿ ಕಳ್ಳ ಅಂದರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀಯ?

ಉಷಕ್ಕ: ನನ್ನ ಹೆಗಲಿನ ಮಾತು ಆಮೇಲೆ. ಮೇಷ್ಟ್ರ ಎಪ್ಪತ್ತರ ಕಾರ್ಯಕ್ರಮದಲ್ಲಿ ನಾನು ಹಾಡಬೇಕಿದ್ದ ಕಾಂಭೋಜಿ ರಾಗದ ಕೃತಿಯನ್ನು ‘ಸಮಯ ಸಾಲದು’ ಅಂತ ತೆಗೆಸಿದವರು ಯಾರು? ಆಮೇಲೆ ಮುಖ್ಯ ಕೃತಿಯ ಜೊತೆಗೆ ಎರಡೆರಡು ಸಬ್‌ಮೇನ್ ಹಾಡಿದವರು ಯಾರು? ಅದು ವಿನಯವೇ?

ನಾಗು: ಅಯ್ಯೋ ಆ ಕಾರ್ಯಕ್ರಮ! ಮೇಷ್ಟ್ರ ಟೇಪ್ ರೆಕಾರ್ಡರ್ ನೆನಪಿದೆಯಾ? ಬ್ಯಾಟರಿ ಇಳಿದರೆ ಹಾಡಿನ ಶ್ರುತಿಯೂ ಇಳಿಯೋದು. ಮೇಷ್ಟ್ರು ಬ್ಯಾಟರಿ ಬದಲಾಯಿಸೋದು ಬಿಟ್ಟು ನಮ್ಮ ತಂಬೂರಿಯನ್ನೇ ಇಳಿಸಿ ಅದಕ್ಕೆ ಸೇರಿಸೋರು. ಗಾಯಕ ಮುಸಿರಿಯವರ ‘ನಗುಮೋಮು’ ನಾನು ಕೇಳಿದ್ದೇ ಹಾಗೆ. ಚಿನ್ಮಯ, ನನ್ನದು ಅದೇ, ಬರ್ಕೋ.

ಗಿರೀಶ: ಧೈವತ ಯಾವುದು?

ನಾಗುವಿಗೆ ಈ ಪ್ರಶ್ನೆ ಹಾಕಬಾರದಿತ್ತು. ‘ನಗುಮೋಮು’ ಆಭೇರಿ ರಾಗದ್ದು. ಅದರ ಧೈವತ, ಅಂದರೆ ‘ದ’ ಸ್ವರ ಯಾವುದು ಅನ್ನುವುದೇ ಜಗಳ. ದೀಕ್ಷಿತರ ಪರಂಪರೆಯ ಆಭೇರಿಯಲ್ಲಿ ತಗ್ಗಿನ ಶುದ್ಧ ಧೈವತ, ಅಂದರೆ ರಾಗ 20ನೇ ಮೇಳಕ್ಕೆ (ಮೂಲರಾಗಕ್ಕೆ) ಸೇರಿದ್ದು. ಈಗ ಕಚೇರಿಗಳಲ್ಲಿ ‘ನಗುಮೋಮು’ ಕೇಳುವುದು ಅದಕ್ಕಿಂತ ಮೇಲಿನ ಚತುಶ್ರುತಿ ಧೈವತದಲ್ಲಿ, ಖರಹರಪ್ರಿಯ ಮೇಳದಿಂದ ಹುಟ್ಟಿದ ರಾಗವಾಗಿ. ಎರಡನ್ನೂ ಸಮರ್ಥಿಸುವವರಿದ್ದಾರೆ. ನಮ್ಮ ಗುಂಪಿನಲ್ಲಿ ಮಾತ್ರ ಶಾಸ್ತ್ರದ ಪ್ರಶ್ನೆ ಎರಡು ಮೆಸೇಜಿಗೇ ಮುಗಿದು, ಮೇಷ್ಟ್ರು ಯಾರಿಗೆ ಏನು ಹೇಳಿಕೊಟ್ಟಿದ್ದರು ಅನ್ನುವುದು ಶುರುವಾಯಿತು. ಚತುಶ್ರುತಿಯೇ ಪಾಠ ಆಗಿದ್ದು ಅಂತ ಶ್ರೀಪಾದಣ್ಣ. ಕೊನೆಕೊನೆಗೆ ಮೇಷ್ಟ್ರು ಶುದ್ಧಕ್ಕೆ ಬಂದಿದ್ದರು, ನನ್ನ ನೋಟ್‌ಬುಕ್ಕಿನಲ್ಲಿ ಅವರ ಕೈಬರಹವೇ ಇದೆ ಅಂತ ಗಿರೀಶ. ‘ನೋಟ್‌ಬುಕ್ ಫೋಟೋ ಹಾಕು’ ಅಂದರು ಶ್ರೀಪಾದಣ್ಣ. ಊರಿಗೆಲ್ಲ ಮೂಲ ಕೇಳುವ ಗಿರೀಶ ಫೋಟೋ ಹಾಕಲಿಲ್ಲ.

ಅಷ್ಟು ಹೊತ್ತಿಗೆ ನಾನು ಬರೆದೆ. ನನಗೆ ಈ ವಿಷಯ ಹಗುರವಲ್ಲ. ಒಬ್ಬ ಸಂಗೀತಗಾರ ‘ಇದು ನನಗೆ ಎಲ್ಲಕ್ಕಿಂತ ಪ್ರಿಯ’ ಅಂತ ಒಂದನ್ನು ಮುಂದಿಟ್ಟರೆ ತನ್ನ ಕಿವಿ ಹೇಗೆ ತಯಾರಾಯಿತು ಅನ್ನುವುದನ್ನೇ ತೆರೆದು ತೋರಿಸುತ್ತಾನೆ. ಅದನ್ನು ಅಹಂಕಾರ, ವಿನಯ ಅಂತ ಅಳೆಯಲು ಕೂತರೆ ಹಾಡು ಕೇಳುವುದೇ ಬಿಟ್ಟುಹೋಗುತ್ತದೆ.

ನಾನು: ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್, ವರ್ಷ 1958. ಕಾರ್ಯಕ್ರಮ ಬಿಬಿಸಿಯ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’, 1942ರಿಂದ ನಡೆದುಬಂದದ್ದು. ಅವರದ್ದು ಇದ್ದಿದ್ದು ಎಂಟಲ್ಲ, ಎಂಟರಲ್ಲಿ ಏಳು. ಅವರ ಬಹುಪಾಲು ರೆಕಾರ್ಡು ತಯಾರಿಸಿದವರು ಗಂಡ ವಾಲ್ಟರ್ ಲೆಗ್. ಅಂದಮೇಲೆ ಆ ರೆಕಾರ್ಡುಗಳಲ್ಲಿ ಆಕೆ ಕೇಳುತ್ತಿದ್ದದ್ದು ತನ್ನ ಕಂಠ ಒಂದನ್ನೇ ಅಂತ ನಾವು ಹೇಗೆ ಹೇಳೋಣ? ಅದೇ ಕಾರ್ಯಕ್ರಮಕ್ಕೆ 1982ರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಬಂದಾಗ ಎಲ್ಲಕ್ಕಿಂತ ಮೇಲೆ ಇಟ್ಟದ್ದು ಅದೇ ತಂಡದಲ್ಲಿದ್ದ ಜಾನ್ ಲೆನನ್ ತನ್ನ ಮಗನಿಗಾಗಿ ಬರೆದ ‘ಬ್ಯೂಟಿಫುಲ್ ಬಾಯ್’. ಲೆನನ್ ಕೊಲೆಯಾದದ್ದು 1980ರ ಡಿಸೆಂಬರಿನಲ್ಲಿ. ಇಬ್ಬರ ನಡುವೆ ಎಷ್ಟು ಮುನಿಸಿತ್ತು ಅಂತ ಎಲ್ಲರಿಗೂ ಗೊತ್ತು.

ನಾನು: ಕೇಸರ್‌ಬಾಯಿಗೆ ಯಾರೂ ಓಟು ಹಾಕಿಲ್ಲ. 1977ರಲ್ಲಿ ನಾಸಾದ ವಾಯೇಜರ್ ನೌಕೆಗಳಲ್ಲಿ ಕಳಿಸಿದ ಧ್ವನಿತಟ್ಟೆಗೆ ಹಾಡು ಆರಿಸಿದ್ದು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಮುಂದಾಳತ್ವದ ಪುಟ್ಟ ತಂಡ. ಈ ಹಾಡನ್ನು ಸೂಚಿಸಿದವರು ರಾಬರ್ಟ್ ಬ್ರೌನ್ ಅನ್ನುವ ಸಂಗೀತ ವಿದ್ವಾಂಸರು. 27 ತುಣುಕುಗಳಲ್ಲಿ ‘ಜಾತ್ ಕಹಾಂ ಹೋ’ ಒಂದು, ಭೈರವಿ, ಮೂರೂವರೆ ನಿಮಿಷ. ಅಷ್ಟರಲ್ಲೇ ಆಕೆ ರಾಗವನ್ನು ಹೇಗೆ ತುಂಬಿಕೊಡ್ತಾರೆ ಅಂತ ಒಮ್ಮೆ ಕೇಳಿ.

ಶ್ರೀಪಾದಣ್ಣ: ಏಳಾದರೂ ಅಹಂಕಾರವೇ.

ಗಿರೀಶ: ಏಳಕ್ಕೂ ಎಂಟಕ್ಕೂ ವ್ಯತ್ಯಾಸ ಇದೆ. ಫಾರ್ವರ್ಡ್ ಸುಳ್ಳು ಅಂತ ಮೊದಲೇ ಹೇಳಿದ್ದೆ.

ರೇವತಿ: ಎಲ್ಲಿ ಹೇಳಿದ್ದೆ? ಬರೀ ನಮ್ಮ ಅತ್ತಿಗೆಯನ್ನು ಆಡಿಕೊಂಡೆ.

ಚಿನ್ಮಯ ಮಾತ್ರ ‘ನಿಮ್ಮ ಇಷ್ಟದ್ದು ಯಾವುದು, ಹೇಳಿ’ ಅಂತ ನನ್ನನ್ನು ಕೇಳಿದ. ಪಿಟೀಲು ಹಿಡಿದವಳು ಯಾವುದೋ ತ್ಯಾಗರಾಜ ಕೃತಿ ಹೇಳುತ್ತಾಳೆ ಅಂತ ಅಂದುಕೊಂಡಿರಬೇಕು. ನಾನು ಹೇಳಿದ್ದು ಜರ್ಮನಿಯ ಸಂಗೀತ ರಚನೆಕಾರ ಬಾಕ್‌ನ ‘ಶಕೋನ್’. ಎರಡನೇ ಪಾರ್ಟೀಟದ (ಹಲವು ಭಾಗಗಳ ರಚನೆಯ) ಕೊನೆಯ ಭಾಗ, ಒಂಟಿ ಪಿಟೀಲಿಗೆ ಬರೆದದ್ದು. ಪಕ್ಕವಾದ್ಯ ಇಲ್ಲ, ಶ್ರುತಿ ಹಿಡಿಯುವವರಿಲ್ಲ. ನಾಲ್ಕು ಆವರ್ತಗಳ ಒಂದು ಚಿಕ್ಕ ನಡೆ, ಅದನ್ನೇ ತಿರುತಿರುಗಿಸಿ ಕಾಲು ಗಂಟೆಯ ಹತ್ತಿರ ಬೆಳೆಸುತ್ತಾನೆ. ಕಮಾನು ಎರಡು ತಂತಿಯನ್ನು ಒಟ್ಟಿಗೆ ಎಳೆಯಬಲ್ಲದು. ಮೂರು ನಾಲ್ಕು ಬೇಕಾದಲ್ಲಿ ಕೆಳಗಿನ ತಂತಿಯಿಂದ ಮೇಲಕ್ಕೆ ಮುರಿದು ಹಾಯಿಸಬೇಕು. ಕೆಳಗಿನ ಸ್ವರ ನಿಂತುಹೋಗಿದ್ದರೂ ಕಿವಿ ಅದನ್ನು ಬಿಡುವುದಿಲ್ಲ, ಇನ್ನೂ ಕೇಳುತ್ತಿದೆ ಅಂದುಕೊಂಡೇ ಮುಂದಕ್ಕೆ ಹೋಗುತ್ತದೆ. ಬಹಳ ಹೊತ್ತು ಮೈನರ್ ಸ್ವರಶ್ರೇಣಿಯಲ್ಲಿ ನಡೆದದ್ದು ನಡುವೆ ಮೇಜರ್ ಶ್ರೇಣಿಗೆ ತಿರುಗುವ ಜಾಗವೊಂದಿದೆ. ಅಲ್ಲಿ ಮೊದಲು ಬರುವುದು ಸಣ್ಣ ದನಿ, ಅವಸರವೇ ಇಲ್ಲ. ಪಿಟೀಲನ್ನು ಮಡಿಲಿಗೆ ಇಳಿಸಿ ಕೂರಬೇಕು ಅನ್ನಿಸುತ್ತದೆ ನನಗೆ.

ಇದನ್ನು ಸಂಗೀತ ರಚನೆಕಾರ ಬ್ರಾಮ್ಸ್ 1877ರಲ್ಲಿ ಪಿಯಾನೋಗೆ ಅಳವಡಿಸಿದ, ಎಡಗೈ ಒಂದಕ್ಕೇ. ಹತ್ತು ಬೆರಳೂ ಇದ್ದವನು ಐದೇ ಬೆರಳಿಗೆ ಯಾಕೆ ಬರೆದ? ಒಂಟಿ ಪಿಟೀಲಿನ ಆ ಇಕ್ಕಟ್ಟು, ಆ ಹಾಯಿಸುವಿಕೆ ಕೈಗೆ ಸಿಗುವುದು ಹಾಗೆ ನುಡಿಸಿದಾಗಲೇ ಅಂತ. ಒಂದೇ ಸಾಲಿನ ಸ್ವರಲಿಪಿಯಲ್ಲಿ ಈ ಮನುಷ್ಯ ಇಡೀ ಒಂದು ಲೋಕವನ್ನೇ ಬರೆದಿದ್ದಾನೆ ಅನ್ನುವ ಅರ್ಥದಲ್ಲಿ ಪಿಯಾನೋ ವಾದಕಿ ಕ್ಲಾರಾ ಶೂಮನ್‌ಗೆ ಪತ್ರ ಬರೆದು ಅದನ್ನು ಕಳಿಸಿದ. ಅದೇ ಸಮಯಕ್ಕೆ ಆಕೆಯ ಬಲಗೈ ನರ ಉಳುಕಿತ್ತು. ಇಷ್ಟದ್ದನ್ನು ಹಂಚಿಕೊಳ್ಳುವುದು ಅಂದರೆ ನನ್ನ ಲೆಕ್ಕದಲ್ಲಿ ಹೀಗೆ, ಅದರೊಳಗೆ ಕೂತು ಕೆಲಸ ಮಾಡಿ, ಇನ್ನೊಬ್ಬರ ಕೈಗೆ ಸಿಗುವ ಹಾಗೆ ಮಾಡಿ ಕೊಡುವುದು.

ಇದನ್ನೆಲ್ಲ ಗುಂಪಿಗೆ ಬರೆದೆ. ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಹುಡುಗನಾಗಿದ್ದಾಗ ಹಳೆಯ ಸಂಗೀತ ಪುಸ್ತಕದ ಅಂಗಡಿಯಲ್ಲಿ ಬಾಕ್‌ನ ಚೆಲ್ಲೊ ಕೃತಿಗುಚ್ಛಗಳ (ಸ್ವೀಟ್‌ಗಳ) ಪ್ರತಿ ಸಿಕ್ಕಿ, ಹನ್ನೆರಡು ವರ್ಷ ಸಾಧನೆ ಮಾಡಿದ ಮೇಲೆ ಸಭೆಯಲ್ಲಿ ನುಡಿಸಿದ್ದು ಅಂತಲೂ ಸೇರಿಸಿದೆ.

ಶ್ರೀಪಾದಣ್ಣ: ನೋಡಿದಿರಾ, ಹನ್ನೆರಡು ವರ್ಷ! ಈಗಿನವರು ಹನ್ನೆರಡು ದಿನಕ್ಕೇ ಅಪ್‌ಲೋಡ್ ಮಾಡ್ತಾರೆ. ಆದರೂ ಒಂದು ಮಾತು, ನಮ್ಮಲ್ಲಿ ಇಷ್ಟೆಲ್ಲ ಇರುವಾಗ ಬಾಕ್ ಯಾಕಮ್ಮ?

ನಾನು: ನಮ್ಮಲ್ಲೂ ಹಾಗೇ ಅಣ್ಣ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ‘ಪಿಯಾ ಬಿನ್ ನಹೀ ಆವತ ಚೈನ್’ ರೆಕಾರ್ಡು ಕೇಳಿದರು, ಝಿಂಝೋಟಿ ರಾಗ. ಹಾಗೆ ಹಾಡಬೇಕು ಅಂತ 1933ರಲ್ಲಿ ಮನೆ ಬಿಟ್ಟೇ ಹೊರಟರು, ಹನ್ನೊಂದು ವರ್ಷಕ್ಕೆ.

ನಾಗು: ನಾನೂ ಒಮ್ಮೆ ಪಾಠಕ್ಕೆ ಹೆದರಿ ಮನೆ ಬಿಟ್ಟಿದ್ದೆ. ಉಷಕ್ಕನೇ ಹುಡುಕಿ ತಂದಿದ್ದು!

ಗಿರೀಶ: ವಿಷಯಕ್ಕೆ ಬನ್ನಿ.

ರೇವತಿ: ವಿಷಯ ಯಾವುದು ಅಂತ ನೀನೇ ಹೇಳು.

ಆಗ ಉಷಕ್ಕನ ಉದ್ದದ ಮೆಸೇಜು ಬಂತು.

ಉಷಕ್ಕ: ವಿಷಯ ನಾನು ಹೇಳ್ತೀನಿ. ಅವತ್ತು ನಾನು ಹಾಕಿದ ಲಿಂಕ್ ಯಾರಾದರೂ ತೆರೆದು ನೋಡಿದಿರಾ? ಅದು ಕಚೇರಿಯದಲ್ಲ. ಎಪ್ಪತ್ತರ ಕಾರ್ಯಕ್ರಮಕ್ಕೆ ಮೊದಲು ಮೇಷ್ಟ್ರ ಮುಂದೆ ಅಭ್ಯಾಸ ಮಾಡಿದ್ದು, ಅವರ ಟೇಪಿನಲ್ಲೇ ಹಿಡಿದದ್ದು. ಕಾಂಭೋಜಿ, ‘ಓ ರಂಗಶಾಯಿ’. ‘ಭೂಲೋಕ ವೈಕುಂಠ’ ಸಾಲನ್ನೇ ಹಿಡಿದು ಬೆಳೆಸುವ ನೆರವಲ್ ಶುರುವಾದ ಮೇಲೆ ತಾಳದ ಪೆಟ್ಟು ಕೇಳುತ್ತಲ್ಲ, ಅದು ಮೇಷ್ಟ್ರ ಕೈ. ನಾನು ಒಂದು ಕಡೆ ನಿಷಾದಕ್ಕೆ ಹೋಗಿ ದಾರಿ ತಪ್ಪುತ್ತೀನಿ. ಅವರು ಮೆಲ್ಲಗೆ ಧೈವತ ಹಿಡಿದು ತೋರಿಸ್ತಾರೆ, ಒಂದೇ ಸ್ವರ. ಅಲ್ಲಿಂದ ಹಾಡು ಬೇರೆಯೇ ಆಗುತ್ತೆ. ನನಗೆ ಅತ್ಯಂತ ಇಷ್ಟವಾದದ್ದು ಅದು. ಕಂಠ ನನ್ನದು ಅಂತ ನೀವು ಅಲ್ಲೇ ನಿಂತಿರಿ.

ನನಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ಜನ ಕಿವಿ ತಯಾರು ಮಾಡಿಕೊಂಡವರಿರುವ ಗುಂಪಿನಲ್ಲಿ ಮೇಷ್ಟ್ರ ದನಿ ಇರುವ ಲಿಂಕ್ ಹಾಗೇ ಬಿದ್ದಿತ್ತು. ಕೈಮುಗಿದದ್ದರ ಬಗ್ಗೆ ನಡೆದ ಚರ್ಚೆಯ ಕಾಲುಭಾಗವೂ ಆ ಕಾಂಭೋಜಿಗೆ ಸಿಕ್ಕಿರಲಿಲ್ಲ.

ಗಿರೀಶ: ಯಾವ ನಿಮಿಷದಲ್ಲಿ?

ಉಷಕ್ಕ: ಪೂರ್ತಿ ಕೇಳು.

ಗುಂಪು ಸ್ವಲ್ಪ ಹೊತ್ತು ಖಾಲಿ ಇತ್ತು. ಆಮೇಲೆ ಶ್ರೀಪಾದಣ್ಣನೇ ಬರೆದರು.

ಶ್ರೀಪಾದಣ್ಣ: ಉಷಾ, ಕೇಳಿದೆ. ಧೈವತ ಕೊಟ್ಟದ್ದು ಮೇಷ್ಟ್ರೇ, ಸಂಶಯ ಇಲ್ಲ. ಆದರೆ ನೆರವಲ್‌ನಲ್ಲಿ ನೀನು ದುಪ್ಪಟ್ಟು ವೇಗದ ಎರಡನೇ ಕಾಲಕ್ಕೆ ಬೇಗ ಹೋದೆ. ಅವತ್ತೂ ಅದನ್ನೇ ಹೇಳಿದ್ದೆ.

ಉಷಕ್ಕ: ಮೇಷ್ಟ್ರು ತಾಳದಲ್ಲಿ ಸನ್ನೆ ಕೊಟ್ಟರು, ಅದಕ್ಕೇ ಹೋದೆ.

ಶ್ರೀಪಾದಣ್ಣ: ಸನ್ನೆ ನನಗೆ ಕೇಳಲಿಲ್ಲ. ಎಷ್ಟನೇ ಆವರ್ತ ಹೇಳು, ಇನ್ನೊಂದು ಸಲ ಹಾಕ್ತೀನಿ.