ಕನ್ನಡ ಹೆಸರು, ಊರು ಹುಡುಕೋದು: ಕೊಲೇಶನ್, ಇಂಡೆಕ್ಸ್ ತೊಂದರೆ ಬಗ್ಗೆ ಅನುಭವ ಹೇಳ್ರಿ

ಕೇಳಿದವರು, ಸಿಂಧನೂರು:
ಭತ್ತದ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡ್ತೀವಿ. ಈಚೆಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ 5.7ರಿಂದ 8.0ಕ್ಕೆ ಹೋದ್ವಿ. ಹಳೆ ರೈತರ ಟೇಬಲ್‌ಗೂ ಹೊಸ ರಸೀದಿ ಟೇಬಲ್‌ಗೂ ರೈತರ ಕೋಡ್ ಮೇಲೆ ಜಾಯಿನ್ ಮಾಡಿದ್ರ ‘ಇಲ್ಲೀಗಲ್ ಮಿಕ್ಸ್ ಆಫ್ ಕೊಲೇಶನ್ಸ್’ ಅಂತ ಎರರ್ ಬರ್ತಿತ್ತು, ಅಂದ್ರ ಅಕ್ಷರ ಹೋಲಿಸೋ, ಜೋಡಿಸೋ ನಿಯಮ (ಕೊಲೇಶನ್) ಎರಡೂ ಕಡೆ ಬ್ಯಾರೆ ಅಂತ. ಕ್ವೆರಿಯೊಳಗ ಕೊಲೇಟ್, ಅಂದ್ರ ಯಾವ ಕೊಲೇಶನ್ ಹಿಡೀಬೇಕು ಅನ್ನೋದು, ಸೇರಿಸಿದ್ವಿ. ಎರರ್ ಹೋತು, ಆದ್ರ ಭಾಳ ನಿಧಾನ ಆತು. ಇಂಡೆಕ್ಸ್ (ಬೇಗ ಹುಡುಕೋ ಸೂಚಿ) ಐತಿ, ಬಳಕೆ ಆಗವಲ್ದು. ಇನ್ನೊಂದು, ‘ಕೊಪ್ಪಳ’ ಅಂತ ಹುಡುಕಿದ್ರ ಕೆಲವು ಸಾಲು ಬರ್ತಾವ, ಕೆಲವು ಬರೂದಿಲ್ಲ. ಸ್ಕ್ರೀನ್ ಮ್ಯಾಲೆ ಎಲ್ಲಾ ಒಂದೇ ಥರ ಕಾಣ್ತಾವ. ಗೊತ್ತಿದ್ದವರು ಹೇಳ್ರಿ.

ಗಂಗಾವತಿಯಿಂದ:
ಸರ್, ಇವು ಎರಡು ಬೇರೆ ತೊಂದರೆ. ನಾನು ನಿಧಾನ ಆಗಿದ್ದರ ಬಗ್ಗೆ ಹೇಳ್ತೀನಿ. ಇಂಡೆಕ್ಸ್ ಇರೋದು ಆ ಕಾಲಮ್‌ನ ಕೊಲೇಶನ್ ಪ್ರಕಾರ ಜೋಡಿಸಿಕೊಂಡು. ಕ್ವೆರಿಯಲ್ಲಿ ಅದೇ ಕಾಲಮ್‌ಗೆ ಬೇರೆ ಕೊಲೇಟ್ ಹಚ್ಚಿದ್ರೆ ಆ ಜೋಡಣೆ ಕೆಲಸಕ್ಕೆ ಬರಲ್ಲ, ಟೇಬಲ್ ಪೂರ್ತಿ ಓದಬೇಕಾಗ್ತದ. ಕ್ವೆರಿ ಹೆಂಗ ಓಡ್ತದ ಅಂತ ತೋರಿಸೋ ಎಕ್ಸ್‌ಪ್ಲೇನ್ ಹಾಕಿ ನೋಡ್ರಿ, ಟೈಪ್ ಅನ್ನೋ ಕಡೆ ‘ಆಲ್’, ಕೀ ಅನ್ನೋ ಕಡೆ ‘ನಲ್’ ಬಂದಿದ್ರೆ ಅದೇ ನಡೆದದ.

5.7ರಲ್ಲಿ ಯುಟಿಎಫ್8ಎಂಬಿ4ಕ್ಕೆ (ಯೂನಿಕೋಡ್ ಅಕ್ಷರ ಉಳಿಸೋ ರೀತಿ) ಡೀಫಾಲ್ಟ್ ಕೊಲೇಶನ್ ಜನರಲ್_ಸಿಐ, 8.0ರಲ್ಲಿ 0900_ಎಐ_ಸಿಐ. ಹಳೆ ಟೇಬಲ್ ಹಳೇದರಲ್ಲೇ ಉಳಿದದ, ಹೊಸ ಟೇಬಲ್ ಹೊಸದನ್ನ ಹಿಡಿದದ. ‘ಶೋ ಫುಲ್ ಕಾಲಮ್ಸ್’ ಕೊಟ್ರೆ ಕಾಲಮ್‌ವಾರು ಗೊತ್ತಾಗ್ತದ. ಕ್ವೆರಿಯಲ್ಲಿರೋ ಕೊಲೇಟ್ ತೆಗೆದುಹಾಕ್ರಿ, ಎಲ್ಲಾ ಟೇಬಲ್ ಒಂದೇ ಕೊಲೇಶನ್‌ಗೆ ಕನ್ವರ್ಟ್ ಮಾಡ್ರಿ. ನನ್ನ ಆಯ್ಕೆ 0900. ಗಿರಾಕಿಗಳಲ್ಲಿ ಹಳೆ ಮಾರಿಯಾಡಿಬಿ (ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಡೇಟಾಬೇಸ್) ಇಟ್ಟುಕೊಂಡವರಿದ್ರೆ ಮಾತ್ರ ಯೂನಿಕೋಡ್_ಸಿಐ ಅನ್ನೋ ಕೊಲೇಶನ್, ಯಾಕಂದ್ರೆ ಅಲ್ಲಿ 0900 ಇಲ್ಲ. ಡೇಟಾಬೇಸ್‌ನ ಡೀಫಾಲ್ಟ್ ಕೂಡ ಬದಲಿಸ್ರಿ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಉಳಿಸಿದ ಪ್ರೋಗ್ರಾಮ್) ಇದ್ರೆ ಅವನ್ನ ಅಳಿಸಿ ಮತ್ತೆ ಬರೀಬೇಕು, ಅವುಗಳ ಪ್ಯಾರಾಮೀಟರ್ ಹಳೆ ಕೊಲೇಶನ್ನೇ ಹಿಡ್ಕೊಂಡಿರ್ತಾವ. ಇದನ್ನ ಬಹಳ ಜನ ಬಿಟ್ಟುಬಿಡ್ತಾರ, ಆಮೇಲೆ ಅದೇ ಎರರ್ ಮತ್ತೆ ಬರ್ತದ.

ಯುನೀಕ್ ಕೀ ಇರೋ, ಅಂದ್ರೆ ಒಂದೇ ಹೆಸರು ಎರಡು ಸಲ ಬರಬಾರದ ಕಾಲಮ್ ಇದ್ರೆ ಮೊದಲು ನಕಲು ಡೇಟಾಬೇಸ್ ಮೇಲೆ ಮಾಡಿ ನೋಡ್ರಿ. ಹಳೆ ಕೊಲೇಶನ್‌ನಲ್ಲಿ ಬೇರೆ ಅನಿಸಿದ ಎರಡು ಹೆಸರು ಹೊಸದರಲ್ಲಿ ಒಂದೇ ಆಗಬಹುದು.

ರಾಯಚೂರಿನಿಂದ:
‘ಕೊಪ್ಪಳ’ದ ಸಮಸ್ಯೆ ನಮಗೂ ಬಂದಿತ್ತು. ಆ ಕಾಲಮ್ ಮೇಲೆ ಎಷ್ಟು ಬೈಟ್ ಅಂತ ಹೇಳೋ ಲೆಂಗ್ತ್ ಫಂಕ್ಷನ್ ಓಡಿಸಿ ನೋಡಿ. ಸರಿಯಾದ ‘ಕೊಪ್ಪಳ’ 18 ಬೈಟ್. ನಿಮ್ಮಲ್ಲಿ ಕೆಲವು ಸಾಲು 21 ಅಂತ ತೋರಿಸ್ತವೆ ಅಂತ ನನ್ನ ಊಹೆ. ‘ಕೊ’ದಲ್ಲಿರೋ ಒತ್ವವನ್ನ ಒಂದೇ ಸಂಕೇತವಾಗಿಯೂ ಬರೀಬಹುದು, ಎತ್ವ ಮತ್ತು ಊತ್ವ ಎರಡನ್ನ ಜೋಡಿಸಿಯೂ ಬರೀಬಹುದು. ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ನಮಗೆ ಈ ಎರಡನೇ ರೂಪ ಬಂದಿದ್ದು ಹಳೆ ನುಡಿ ಫಾಂಟಿನ ಪಟ್ಟಿಯನ್ನ ಯೂನಿಕೋಡಿಗೆ ತಂದಾಗ.

ಆದರೆ 21 ಕಂಡ ತಕ್ಷಣ ಇದೇ ಅಂತ ತೀರ್ಮಾನ ಮಾಡಬೇಡಿ. ಕಾಣದಿರೋ ಜೋಡಣೆ ತಡೆಯುವ ಅಕ್ಷರ, ಅಂದ್ರೆ ಝಡ್‌ಡಬ್ಲ್ಯುಎನ್‌ಜೆ, ಅದೂ 3 ಬೈಟೇ. ಹೆಕ್ಸ್ (ಒಂದೊಂದು ಬೈಟನ್ನೂ ತೋರಿಸೋ ರೂಪ) ತೆಗೆದು ನೋಡಿ: ‘ಕ’ ಆದಮೇಲೆ ‘ಇ0 ಬಿ3 8ಎ’ ಇದ್ರೆ ಒಂದೇ ಸಂಕೇತ, ‘ಇ0 ಬಿ3 86’, ‘ಇ0 ಬಿ3 82’ ಇದ್ರೆ ಜೋಡಿ, ‘ಇ2 80 8ಸಿ’ ಕಂಡ್ರೆ ಝಡ್‌ಡಬ್ಲ್ಯುಎನ್‌ಜೆ.

ಮೈಎಸ್‌ಕ್ಯೂಎಲ್‌ನಲ್ಲಿ ನಾರ್ಮಲೈಸ್ ಮಾಡೋ, ಅಂದ್ರೆ ಇಂಥ ಬೇರೆ ಬೇರೆ ಸಂಕೇತಗಳನ್ನ ಒಂದೇ ರೂಪಕ್ಕೆ ತರೋ ಫಂಕ್ಷನ್ ಇಲ್ಲ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 13ನೇ ಆವೃತ್ತಿಯಿಂದ ಇದೆ). ಹಾಗಾಗಿ ಉಳಿಸೋ ಮುಂಚೆ ನಿಮ್ಮ ಪ್ರೋಗ್ರಾಮ್‌ನಲ್ಲೇ ಎನ್‌ಎಫ್‌ಸಿಗೆ (ಜೋಡಿ ಸಂಕೇತಗಳನ್ನ ಒಂದಾಗಿಸೋ ಯೂನಿಕೋಡ್ ರೂಪ) ತನ್ನಿ, ಹುಡುಕೋ ಪದವನ್ನೂ ಹಾಗೇ. ಝಡ್‌ಡಬ್ಲ್ಯುಎನ್‌ಜೆ ಎನ್‌ಎಫ್‌ಸಿಯಿಂದ ಹೋಗಲ್ಲ, ಅದು ಕೆಲವು ಹೆಸರು ಸರಿಯಾಗಿ ಕಾಣೋಕೆ ಬೇಕೂ ಬೇಕು. ತೋರಿಸೋಕೆ ಒಂದು ಕಾಲಮ್, ಝಡ್‌ಡಬ್ಲ್ಯುಎನ್‌ಜೆ ತೆಗೆದು ಹುಡುಕೋಕೆ ಇನ್ನೊಂದು ಕಾಲಮ್ ಇಡಿ, ಇಂಡೆಕ್ಸ್ ಎರಡನೇದಕ್ಕೆ.

ಬಳ್ಳಾರಿಯಿಂದ:
ಒಂದು ಎಚ್ಚರಿಕೆ. ಹಳೆ ಕಾಲಮ್ ಲ್ಯಾಟಿನ್1 (ಇಂಗ್ಲಿಷ್‌ನಂಥ ಭಾಷೆಗಳ ಹಳೆ ಸಂಕೇತ) ಅಂತಿದ್ದು ಒಳಗೆ ಯುಟಿಎಫ್8 ಬೈಟ್ ತುಂಬಿದ್ರೆ ನೇರ ಕನ್ವರ್ಟ್ ಕೊಡಬೇಡ್ರಿ, ಅಕ್ಷರ ಇನ್ನೂ ಕೆಡ್ತಾವ. ಮೊದಲು ಬ್ಲಾಬ್ (ಬರೀ ಬೈಟ್ ಇಡೋ ಕಾಲಮ್) ಮಾಡ್ರಿ, ಆಮೇಲೆ ಯುಟಿಎಫ್8ಎಂಬಿ4. ಪದದ ತುಣುಕು ಹುಡುಕೋ ಲೈಕ್‌ನಲ್ಲಿ ಪದಕ್ಕಿಂತ ಮೊದಲೇ % (ಏನಿದ್ರೂ ಸರಿ ಅನ್ನೋ ಗುರುತು) ಇದ್ರೂ ಇಂಡೆಕ್ಸ್ ಹಿಡಿಯೂದಿಲ್ಲ, ಅದನ್ನೂ ನೋಡ್ಕೊಳ್ರಿ.

ಇಂಗ್ಲಿಷ್‌ನಲ್ಲಿ ತುಂಬಿದ ವಿಳಾಸ ಇದ್ರ 2014ಕ್ಕಿಂತ ಹಿಂದಿನವು ‘ಬೆಳ್ಳಾರಿ’ ಕಾಗುಣಿತದಲ್ಲಿ, ಆಮೇಲಿನವು ‘ಬಳ್ಳಾರಿ’ ಕಾಗುಣಿತದಲ್ಲಿ ಇರ್ತಾವ. ಇದಕ್ಕ ಯಾವ ಕೊಲೇಶನ್ನೂ ಸಹಾಯಕ್ಕ ಬರೂದಿಲ್ಲ. ಊರಿಗೊಂದು ಕೋಡ್ ಕೊಟ್ಟು, ಅದರ ಎಲ್ಲಾ ಹೆಸರು ಬೇರೆ ಟೇಬಲ್‌ನಲ್ಲಿಟ್ಟು ಅಲ್ಲಿಂದ ಹುಡುಕ್ರಿ.