ಆಟಿ ಮಳೆ, ಐದು ಕೋಳಿ, ದಿನಕ್ಕೆ ಒಂದೇ ಮೊಟ್ಟೆ

ಮುಳ್ಳೇರಿಯ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಸುತ್ತ ಅಡಿಕೆ ತೋಟ, ಮನೆ ಹಿಂದೆ ಮುರಕಲ್ಲಿನ ಹಳೇ ಕೊಟ್ಟಿಗೆ. ದನ ಕೊಟ್ಟ ಮೇಲೆ ಅದು ಸುಮ್ನೆ ಖಾಲಿ ಬಿದ್ದಿತ್ತು. ಒಂದು ಮೂಲೆಗೆ ಬಲೆ ಹೊಡೆದು ಕೋಳಿಗೂಡು ಮಾಡಿದೆವು. ಈಗ ಐದಿವೆ. ಮೂರು ಕಂದು ಬಣ್ಣದ ಬಿವಿ 380 ಅನ್ನುವ ಮೊಟ್ಟೆ ತಳಿ, ಕಳೆದ ನವೆಂಬರಿನಲ್ಲಿ ಗಾಡಿಯಲ್ಲಿ ಮಾರಿಕೊಂಡು ಬಂದವರಿಂದ ತಗೊಂಡದ್ದು, ಆಗ ಎರಡು ತಿಂಗಳಿನ ಮರಿಗಳು. ಇನ್ನೆರಡು ಊರಿನ ಕೋಳಿ, ಅತ್ತೆಯ ತವರಿನಿಂದ ಬಂದದ್ದು. ಹುಂಜ ಇಲ್ಲ.

ಮಾರ್ಚಿನಿಂದ ಮೇ ವರೆಗೆ ದಿನಕ್ಕೆ ಮೂರೋ ನಾಲ್ಕೋ ಮೊಟ್ಟೆ ಸಿಗುತ್ತಿತ್ತು. ಪಕ್ಕದ ಮನೆಗೂ ಕೊಡುತ್ತಿದ್ದೆವು, ದೊಡ್ಡ ಜನ ಆಗಿದ್ದೆವು! ಈಗ ಆಟಿ ತಿಂಗಳು (ಜುಲೈ-ಆಗಸ್ಟಿನ ಮಳೆಗಾಲ) ಬಂದ ಮೇಲೆ ದಿನಕ್ಕೆ ಒಂದು. ಅದರಲ್ಲೂ ಕೆಲವಕ್ಕೆ ಸಿಪ್ಪೆ ಮೆತ್ತಗೆ, ಬೆರಳಲ್ಲಿ ಒತ್ತಿದರೆ ತಗ್ಗಾಗುತ್ತದೆ. ಎರಡು ಸಲ ಗೂಡಿನಲ್ಲಿ ಒಡೆದ ಸಿಪ್ಪೆ ಮಾತ್ರ ಸಿಕ್ಕಿತು. ಊರಿನದ್ದರಲ್ಲಿ ಒಂದು, ಕರಿ ಬಣ್ಣದ್ದು, ಮೂರು ದಿನದಿಂದ ಮೊಟ್ಟೆ ಡಬ್ಬದಿಂದ ಎದ್ದೇ ಇಲ್ಲ. ಕೈ ಹಾಕಿದರೆ ಗರಿ ಉಬ್ಬಿಸಿ ಕುಟುಕಲು ಬರುತ್ತದೆ.

ತಿನ್ನಲು ಕುಚ್ಚಲಕ್ಕಿ ಅನ್ನ ಉಳಿದದ್ದು, ನುಚ್ಚು, ಸ್ವಲ್ಪ ತೆಂಗಿನ ಹಿಂಡಿ. ನೆನಪಾದಾಗ ಅಂಗಡಿಯ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಆಹಾರ). ಮೊದಲು ತೋಟಕ್ಕೆ ಬಿಡುತ್ತಿದ್ದೆವು. ಜೂನಿನಲ್ಲಿ ಹಾಡಹಗಲೇ ಮುಂಗುಸಿ ಒಂದನ್ನು ಕೊಂಡುಹೋಯಿತು, ಆವತ್ತಿಂದ ಗೂಡಿನಲ್ಲೇ.

ಅತ್ತೆ ಹೇಳುವುದು ಆಟಿಯಲ್ಲಿ ಕೋಳಿಗೂ ರಜೆ ಅಂತ. ಮಾವ ಹೇಳುವುದು ಡುಮ್ಮಿಯದ್ದೇ ಕೆಲಸ, ತಿಂದು ಕೂರುತ್ತದೆ, ಭಾನುವಾರ ರೊಟ್ಟಿಗೆ ಆಗುತ್ತದೆ ಅಂತ. ಡುಮ್ಮಿ ಅಂದರೆ 380ರಲ್ಲಿ ಒಂದು, ಗರಿ ಎಲ್ಲ ಕಿತ್ತುಹೋಗಿ ನೋಡಲು ಭಿಕಾರಿ ಥರ ಇದೆ. ಮಗಳು ಎಲ್ಲಕ್ಕೂ ಹೆಸರು ಇಟ್ಟಿದ್ದಾಳೆ, ಹಾಗಾಗಿ ರೊಟ್ಟಿ ಸುಲಭ ಇಲ್ಲ. ಏನು ಮಾಡಲಿ?

ಪೆರ್ಲದವ:
ಅಕ್ಕ, ಮಳೆಗೆ ಬೈಯಬೇಡಿ, ಬೆಳಕು ನೋಡಿ. ಮೊಟ್ಟೆ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಆಟಿಯಲ್ಲಿ ಹಗಲು ಚಿಕ್ಕದು, ಅದಕ್ಕೇ ನಿಲ್ಲಿಸಿವೆ. ಒಂದು ಬಲ್ಬು ಹಾಕಿ, ಮುಗೀತು.

ಮತ್ತೆ ಅನ್ನ, ನುಚ್ಚು ಹಾಕಿ 380 ಸಾಕುವುದು ಅಂದ್ರೆ ಜೀಪಿಗೆ ಸೀಮೆಎಣ್ಣೆ ಹಾಕಿದ ಹಾಗೆ ಮಾರಾಯ್ರೆ. ಊರಿನ ಕೋಳಿ ಹೇಗೋ ಸುಧಾರಿಸುತ್ತದೆ, ವರ್ಷಕ್ಕೆ 60, 70 ಮೊಟ್ಟೆ ಕೊಟ್ಟು ಕಾವಿಗೆ ಕೂರುತ್ತದೆ. 380ರ ಮೈಯೇ ಬೇರೆ. ಅದಕ್ಕೆ ದಿನಕ್ಕೆ 110-120 ಗ್ರಾಂ ಸರಿಯಾದ ಲೇಯರ್ ಫೀಡ್ ಬೇಕು, ನೆನಪಾದಾಗ ಅಲ್ಲ, ದಿನಾ.

ಹೊಳೆಬದಿ:
ಪೆರ್ಲದ ಅಣ್ಣ, ಹಗಲು ಚಿಕ್ಕದು ಅಂದದ್ದು ಸರಿಯಲ್ಲ. ಜೂನ್ ಕೊನೆಗೇ ಅಲ್ವಾ ವರ್ಷದ ಅತಿ ಉದ್ದದ ಹಗಲು, ನಮ್ಮ ಕಡೆ ಸುಮಾರು 12 ಗಂಟೆ 50 ನಿಮಿಷ. ಆಟಿಯಲ್ಲೂ ಅದಕ್ಕಿಂತ ತುಂಬ ಇಳಿಯುವುದಿಲ್ಲ. ಮೋಡ ಇದ್ದರೂ ಅಂಗಳದಲ್ಲಿ ಕೋಳಿಗೆ ಬೇಕಾದಷ್ಟು ಬೆಳಕು ಇರುತ್ತದೆ. ಇವರ ಕೋಳಿ ಅಂಗಳದಲ್ಲಿ ಇಲ್ಲವಲ್ಲ, ಮುರಕಲ್ಲಿನ ಕೊಟ್ಟಿಗೆಯೊಳಗೆ ಇದೆ. ಅಲ್ಲಿ ಮಳೆಗಾಲದ ಮಧ್ಯಾಹ್ನ ಅಂದರೆ ನಮ್ಮ ಸಂಜೆ ಏಳು ಗಂಟೆ. ಬಲ್ಬು ಬೇಕು, ಅದನ್ನು ಒಪ್ಪುತ್ತೇನೆ. ಬೆಳಗ್ಗೆ ಐದಕ್ಕೆ ಹಚ್ಚಿ, ಮೋಡದ ದಿನ ಹಗಲಿಗೂ ಉರಿಯಲಿ. ರಾತ್ರಿ ಹಚ್ಚಿ ಟಪ್ ಅಂತ ಆರಿಸಿದರೆ ಕೋಳಿಗಳು ಕೂರುವ ಕೋಲಿಗೆ ಹತ್ತಲಾಗದೆ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತವೆ.

ಮೆತ್ತಗಿನ ಸಿಪ್ಪೆಗೆ ಸುಣ್ಣದ ಅಂಶ ಬೇಕು. ಒಂದು ಮೊಟ್ಟೆಯ ಸಿಪ್ಪೆಗೇ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಅನ್ನದಲ್ಲಿ ಅದು ಎಲ್ಲಿಂದ ಬರಬೇಕು? ನಾವು ಕುಂಬಳೆ ಕಡೆಯವರು, ಮರುವಾಯಿ (ಚಿಪ್ಪುಮೀನು) ಸುಕ್ಕ ತಿಂದ ಮೇಲೆ ಚಿಪ್ಪು ಬಿಸಾಡುವುದಿಲ್ಲ. ತೊಳೆದು, ಒಲೆ ಬೂದಿಯಲ್ಲಿ ಸ್ವಲ್ಪ ಸುಟ್ಟು, ಜಜ್ಜಿ ಬೇರೆ ತೆಂಗಿನ ಚಿಪ್ಪಿನಲ್ಲಿ ಇಡುತ್ತೇವೆ. ತೀರ ಹುಡಿ ಮಾಡಬೇಡಿ, ನುಚ್ಚಿನ ಗಾತ್ರ ಸಾಕು. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ. ಸಿಪ್ಪೆ ಕಟ್ಟುವುದು ಹೆಚ್ಚಾಗಿ ರಾತ್ರಿ, ಆಗ ಒದಗುತ್ತದೆ. ಫೀಡಿಗೆ ಬೆರೆಸಲೂ ಬೇಡಿ, ಬೇಕಾದದ್ದು ಬೇಕಾದಷ್ಟು ತಾನೇ ತಿನ್ನುತ್ತದೆ.

ಇನ್ನೊಂದು, ಹಿಂಡಿ ಮೂಸಿ ನೋಡಿ. ಈ ತೇವಕ್ಕೆ ಬೂಷ್ಟು ಬಂದಿದ್ದರೆ ಕೊಡಲೇಬೇಡಿ, ಅದು ವಿಷ.

ಲೆಕ್ಕಮೇಷ್ಟ್ರು:
ಐದು ಕೋಳಿ, ದಿನಕ್ಕೆ 575 ಗ್ರಾಂ ಫೀಡ್, ತಿಂಗಳಿಗೆ 17 ಕಿಲೋ. ಬರುವುದು 30 ಮೊಟ್ಟೆ. ಅಂಗಡಿಯಲ್ಲಿ ಒಂದು ಟ್ರೇ ಕೊಂಡು, ಉಳಿದ ಹಣದಲ್ಲಿ ಮಗಳಿಗೆ ಸೈಕಲ್ ತೆಗೆದುಕೊಡಿ.

ಪೆರ್ಲದವ:
ಮೇಷ್ಟ್ರೇ, ನಿಮ್ಮ ಮನೆಯ ನಾಯಿ ತಿಂಗಳಿಗೆ ಎಷ್ಟು ಮೊಟ್ಟೆ ಇಡುತ್ತದೆ?

ಕುಟುಂಬಶ್ರೀ ಅಕ್ಕ:
ನಗು ಬಂತು! ನಮ್ಮ ಕುಟುಂಬಶ್ರೀ ಮಹಿಳಾ ಸಂಘದ ಯೂನಿಟಿನಲ್ಲಿ ಎಂಟು ಮನೆಯವರು ಕೋಳಿ ಸಾಕುತ್ತೇವೆ. ಹತ್ತು ವರ್ಷದಲ್ಲಿ ಬೇಕಾದಷ್ಟು ತಪ್ಪು ಮಾಡಿದ್ದೇನೆ, ಅದರ ಮೇಲೆ ಹೇಳುವುದು.

ಮೊದಲು ಆ ಕರಿಯದ್ದು. ಅದಕ್ಕೆ ಕಾಯಿಲೆ ಅಲ್ಲ ತಂಗಿ, ಕಾವಿಗೆ ಕೂತಿದೆ. ಹುಂಜ ಇಲ್ಲದ ಮನೆಯ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ, ಸುಮ್ನೆ ಕೂತು ಸೊರಗುತ್ತದೆ. ನಿಮಗೆ ಮರಿ ಬೇಕಿದ್ದರೆ ಹುಂಜ ಇರುವ ಮನೆಯಿಂದ ಹತ್ತು ಮೊಟ್ಟೆ ತಂದು ಇಡಿ, 21 ದಿನಕ್ಕೆ ಮರಿ. ಬೇಡ ಅಂದರೆ ಅಡಿಗೆ ಬಲೆ ಇರುವ ಪಂಜರದಲ್ಲಿ, ನೆಲದಿಂದ ಎತ್ತರಕ್ಕೆ ತೂಗುಹಾಕಿ ನಾಲ್ಕು ದಿನ ಇಡಿ. ನೀರು, ಆಹಾರ ಕೊಡಿ, ಹುಲ್ಲು ಹಾಸಬೇಡಿ. ಹೊಟ್ಟೆಗೆ ಗಾಳಿ ತಾಗಿದರೆ ಕಾವು ಇಳಿಯುತ್ತದೆ. ನೀರಲ್ಲಿ ಮುಳುಗಿಸಿ ಅಂತ ಹಿರಿಯರು ಹೇಳಬಹುದು, ಈ ಮಳೆಯಲ್ಲಿ ಬೇಡವೇ ಬೇಡ.

ಈಗ ಡುಮ್ಮಿಯ ವಿಷಯ. ಗರಿ ನೋಡಿ ತೀರ್ಪು ಕೊಡಬೇಡಿ, ಕೈ ಹಾಕಿ ನೋಡಿ. ರಾತ್ರಿ ಕೋಲಿನ ಮೇಲೆ ಕೂತಾಗ ಒಂದೊಂದನ್ನೇ ಎತ್ತಿಕೊಳ್ಳಿ. ಹಿಂಬದಿಯಲ್ಲಿ, ಮೊಟ್ಟೆ ಬರುವ ದ್ವಾರದ ಎರಡು ಬದಿಗೆ ಮೊನಚಾದ ಎಲುಬು ಸಿಗುತ್ತದೆ. ಅವುಗಳ ನಡುವೆ ಎರಡು, ಮೂರು ಬೆರಳು ಹೋದರೆ ಅದು ಮೊಟ್ಟೆ ಇಡುತ್ತಿದೆ. ಒಂದು ಬೆರಳೂ ಕಷ್ಟ ಅಂದರೆ ಇಡುತ್ತಿಲ್ಲ. ದ್ವಾರ ಅಗಲ, ಒದ್ದೆ, ಬಿಳಿಚಿದ್ದರೆ ಇಡುವ ಕೋಳಿ. ಚಿಕ್ಕದು, ಒಣಗಿ ಸುಕ್ಕಾಗಿ ಹಳದಿ ಇದ್ದರೆ ಅಲ್ಲ. ಕಾಲೂ ನೋಡಿ. ತಿಂಗಳುಗಟ್ಟಲೆ ಮೊಟ್ಟೆ ಇಟ್ಟ 380ರ ಕಾಲಿನ ಹಳದಿ ಬಿಟ್ಟುಹೋಗುತ್ತದೆ, ಬಣ್ಣ ಎಲ್ಲ ಅರಶಿನಕ್ಕೆ ಹೋಗುವುದು, ಮೊಟ್ಟೆಯ ಅರಶಿನಕ್ಕೆ. ಮೈ ಮಿರಮಿರ, ಕಾಲು ಹಳದಿ ಹಳದಿ ಇರುವ ಸುಂದರಿಯ ಮೇಲೆಯೇ ನನಗೆ ಯಾವಾಗಲೂ ಸಂಶಯ. ನವೆಂಬರಿನಲ್ಲಿ ಎರಡು ತಿಂಗಳು ಅಂದರೆ ಈಗ ಹತ್ತು ತಿಂಗಳು, ಗರಿ ಬದಲಿಸುವ ವಯಸ್ಸೂ ಅಲ್ಲ.

ಮುಖ್ಯವಾದದ್ದು ಮರೆತೆ. ಹಳೇ ಕೊಟ್ಟಿಗೆ ಅಂದಿರಲ್ಲ, ಮರವೂ ಹಳೇದೇ ಇರಬೇಕು? ಟಾರ್ಚ್ ಹಿಡಿದು, ಕೂರುವ ಕೋಲಿನ ಅಡಿಗೆ ಬಿಳಿ ಕಾಗದ ಒರೆಸಿ. ಕೆಂಪು ಗೀಟು ಬಂದರೆ ಅದು ಹೇನಿನ ಹೊಟ್ಟೆಯಲ್ಲಿದ್ದ ನಿಮ್ಮ ಕೋಳಿಯ ರಕ್ತ. ತೆಂಗಿಗೆ ಬರುವ ನುಸಿಯ ದೂರದ ನೆಂಟ, ಸಾಸಿವೆಗಿಂತ ಸಣ್ಣದು. ಹಗಲು ಮರದ ಬಿರುಕಿನಲ್ಲಿ ಅಡಗಿ ರಾತ್ರಿ ಬಂದು ಕುಡಿಯುತ್ತದೆ, ಹಗಲು ಕೋಳಿಯ ಮೈ ಹುಡುಕಿದರೆ ಏನೂ ಸಿಗುವುದಿಲ್ಲ. ಜುಟ್ಟು ಬಿಳಿಚುತ್ತದೆ, ಮೊಟ್ಟೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೋಳಿಗಳು ತೋಟದ ಮಣ್ಣಲ್ಲಿ ಹೊರಳಾಡಿ ಮೈಯ ಹೇನನ್ನಾದರೂ ಕೊಡವಿಕೊಳ್ಳುತ್ತವೆ. ಈಗ ಕೂಡಿಹಾಕಿದ್ದೀರಿ, ಒಣ ಮಣ್ಣೂ ಇಲ್ಲ. ಒಂದು ಹಳೇ ಬೇಸಿನ್‌ನಲ್ಲಿ ಒಲೆ ಬೂದಿ, ಒಣ ಹೊಯ್ಗೆ (ಮರಳು) ಬೆರೆಸಿ ಒಳಗೆ ಇಡಿ.

ಮುಳ್ಳೇರಿಯ ಮನೆ:
ನಾಲ್ಕು ದಿನ ಕರೆಂಟು ಇರಲಿಲ್ಲ, ಉತ್ತರ ತಡವಾಯಿತು.

ರಾತ್ರಿ ನಾನು, ಮಗಳು ಟಾರ್ಚ್ ಹಿಡಿದು ಹೋದೆವು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಡುಮ್ಮಿಗೆ ಮೂರು ಬೆರಳು ಹೋಯಿತು! ಕಾಲು ಬಿಳಿಚಿ ಸುಣ್ಣದ ಹಾಗೆ. ದಿನದ ಆ ಒಂದು ಮೊಟ್ಟೆ ಇಷ್ಟು ದಿನವೂ ಅದರದ್ದೇ ಇರಬೇಕು. ರಾಣಿ ಅಂತ ಮಗಳ ಮುದ್ದಿನದ್ದು ಒಂದಿದೆ, ಹೊಳೆಯುವ ಗರಿ, ಅರಶಿನ ಹಚ್ಚಿದ ಹಾಗೆ ಕಾಲು. ಒಂದು ಬೆರಳೂ ಹೋಗಲಿಲ್ಲ. ಮಾವ ಏನೂ ಹೇಳದೆ ಒಳಗೆ ಹೋದರು.

ಕಾಗದ ಒರೆಸಿದೆ. ಕೆಂಪು ಗೀಟು, ಒಂದಲ್ಲ, ಪೂರ್ತಿ. ಮರುದಿನ ಕೈ ಎಲ್ಲ ತುರಿಕೆ. ಮೊಟ್ಟೆ ತಿನ್ನುವುದು ಯಾರು ಅಂತ ಇನ್ನೂ ಸಿಕ್ಕಿಲ್ಲ. ಮಗಳು ಡಬ್ಬದಲ್ಲಿ ಪ್ಲಾಸ್ಟಿಕ್ ಚೆಂಡು ಇಟ್ಟಿದ್ದಾಳೆ, ಅದನ್ನು ಯಾರೋ ಕುಟುಕಿದ್ದಾರೆ. ಕರಿಗೆ ಅತ್ತೆ ತವರಿನಿಂದಲೇ ಮೊಟ್ಟೆ ತರಿಸುತ್ತಿದ್ದಾರೆ, ಕೇಳಲೂ ಇಲ್ಲ. ದನದ ಉಣ್ಣಿಗೆ ತಂದ ಬಾಟಲಿ ಉಳಿದಿದೆ, ಕೋಲಿಗೆ ಅದನ್ನೇ ಹಾಕಬಹುದಾ?

ಕುಟುಂಬಶ್ರೀ ಅಕ್ಕ:
ಅಂದಾಜಿಗೆ ಹಾಕಬೇಡಿ. ಮೃಗಾಸ್ಪತ್ರೆಯಲ್ಲಿ ಕೋಳಿಗೆ ಅಂತಲೇ ಕೇಳಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳಿ. ಈಗ ಮಾಡಬೇಕಾದದ್ದು: ಆ ಹಳೇ ಕೋಲು ಒಲೆಗೆ. ಬಿರುಕಿಲ್ಲದ ಹೊಸ ಕೋಲು ಹಾಕಿ, ಗೋಡೆ ಸಂದಿಗೆ ಕುದಿಯುವ ನೀರು ಹೊಯ್ಯಿರಿ, ಒಣಗಿದ ಮೇಲೆ ದಪ್ಪಗೆ ಸುಣ್ಣ ಬಳಿಯಿರಿ. ಒಂದು ವಾರ ಬಿಟ್ಟು ಇನ್ನೊಮ್ಮೆ, ಹೇನಿನ ಮೊಟ್ಟೆಯಿಂದ ಹೊಸ ಹೇನು ಬಂದಿರುತ್ತದೆ. ಕರಿಗೆ ಮೊಟ್ಟೆ ಇಡುವುದು ಅದೆಲ್ಲ ಮುಗಿದ ಮೇಲೆಯೇ. ಕಾವಿನಿಂದ ಏಳದ ಕೋಳಿಯನ್ನು ಹೇನು ತಿಂದುಹಾಕುತ್ತದೆ.

ಮುಳ್ಳೇರಿಯ ಮನೆ:
ಕೋಲು ಒಲೆಗೆ ಹೋಯಿತು. ಸುಣ್ಣ ನಾಳೆ, ಮಾವನೇ ಬಳಿಯುತ್ತಾರಂತೆ. ಹೊಳೆಬದಿಯವರೇ, ಮರುವಾಯಿ ಚಿಪ್ಪು ಈ ಕಡೆ ಸಿಗುವುದಿಲ್ಲ. ಒಂದು ಚೀಲ ಆಗುವಷ್ಟು ಇದ್ದರೆ ಬದಿಯಡ್ಕಕ್ಕೆ ಬರುವಾಗ ತರಬಹುದಾ? ಬದಲಿಗೆ ಮೊಟ್ಟೆ ಕೊಡೋಣ ಅಂದರೆ ಸದ್ಯಕ್ಕೆ ಇಲ್ಲ, ಹಲಸಿನ ಹಪ್ಪಳ ಕೊಡುತ್ತೇವೆ.