ಎಂಟಿಬಿ (ಮೌಂಟನ್ ಬೈಕ್) ಗ್ರೂಪ್ ರೈಡ್‌ಗೆ ಮೊದಲ ಸಲ ಹೋಗ್ತಿದೀನಿ: ಗಾಳಿ ಎಷ್ಟು, ಬ್ಯಾಗಲ್ಲಿ ಏನು, ಹಿಂದೆ ಬಿದ್ದರೆ ಏನು?

ಹೊಸಪೆಡಲ್:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಸೈಕ್ಲಿಂಗ್ ಕ್ಲಬ್ ಒಂದರ ಭಾನುವಾರದ ಮಣ್ಣುದಾರಿ ರೈಡ್‌ಗೆ ಹೆಸರು ಕೊಟ್ಟಿದ್ದೇನೆ. ಶ್ರೀರಂಗಪಟ್ಟಣದಿಂದ ಹೊರಟು ನಾಲೆ ಏರಿ ಹಿಡಿದು, ಗದ್ದೆ ಬಯಲಲ್ಲಿ ಸುತ್ತಿ, ಕೊನೆಗೆ ಕರಿಘಟ್ಟ ಹತ್ತಿ ಇಳಿಯೋದು. ಒಟ್ಟು 38 ಕಿ.ಮೀ.

ಸೈಕಲ್: 29 ಇಂಚಿನ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್), 2.1 ಟಯರ್, ಒಳಗೆ ಟ್ಯೂಬು (ಬೈಕಿನ ಥರದ ದಪ್ಪ ವಾಲ್ವ್), 100 ಮಿ.ಮೀ. ಕಾಯಿಲ್ ಫೋರ್ಕ್, ಹಿಂದೆ 8 ಸ್ಪೀಡ್, ಕೇಬಲ್ ಡಿಸ್ಕ್ ಬ್ರೇಕ್. ನನ್ನ ತೂಕ 72 ಕೆ.ಜಿ. ರಿಂಗ್ ರೋಡಲ್ಲಿ ಒಂದು ಸುತ್ತು ತೊಂದರೆ ಇಲ್ಲ, ಮಣ್ಣಲ್ಲಿ ಗುಂಪಿನ ಜೊತೆ ಹೋಗಿ ಅಭ್ಯಾಸ ಇಲ್ಲ.

ಟಯರಿಗೆ ಗಾಳಿ ಎಷ್ಟಿರಬೇಕು? ಟ್ಯೂಬ್‌ಲೆಸ್ ಮಾಡಿಸಲೇಬೇಕಾ? ಬ್ಯಾಗಲ್ಲಿ ಏನೇನು? ‘ನೋ ಡ್ರಾಪ್’ (ಯಾರನ್ನೂ ಬಿಟ್ಟು ಹೋಗಲ್ಲ) ಅಂತ ಹಾಕಿದ್ದಾರೆ, ಹಿಂದೆ ಬಿದ್ದರೆ ನಿಜವಾಗಿ ಕಾಯ್ತಾರಾ?

ಸ್ಪ್ಯಾನರ್‌ಪಾಣಿ:
ಮೊದಲು ಗಾಳಿ. ಅಂಗಡಿಯಿಂದ ಬರುವ ಎಂಟಿಬಿಗೆ ಸಾಮಾನ್ಯವಾಗಿ 50–60 ಪಿಎಸ್‌ಐ ತುಂಬಿರುತ್ತಾರೆ. ಟಾರಿನ ಮೇಲೆ ಹಗುರವಾಗಿ ಓಡುತ್ತೆ, ಜಲ್ಲಿ ಬಂತೋ ಕಲ್ಲಿಂದ ಕಲ್ಲಿಗೆ ಪುಟಿಯುತ್ತೆ, ತಿರುವಿನಲ್ಲಿ ಹಿಡಿತ ಇರಲ್ಲ. ನಿಮ್ಮ ತೂಕಕ್ಕೆ, ಟ್ಯೂಬ್ ಇರುವ 2.1 ಟಯರಿಗೆ ಮುಂದೆ 28, ಹಿಂದೆ 32ರಿಂದ ಶುರು ಮಾಡಿ. ಭಾರ ಹಿಂದಿನ ಚಕ್ರದ ಮೇಲೆ ಜಾಸ್ತಿ, ಅದಕ್ಕೇ ಈ ವ್ಯತ್ಯಾಸ. 25ಕ್ಕಿಂತ ಕೆಳಗೆ ಇಳಿಸಿದರೆ ಚೂಪು ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ತೂತು ಒಂದೇ ಇದ್ದರೆ ಮುಳ್ಳು, ಜೋಡಿ ಇದ್ದರೆ ಗಾಳಿ ಕಮ್ಮಿ. ಮೀಟರ್ ಇರುವ ನಿಲ್ಲಿಸೋ ಪಂಪಲ್ಲೇ ತುಂಬಿಸಿ. ಬಂಕಿನ ಕಂಪ್ರೆಸರ್ ಸೈಕಲ್ ಟ್ಯೂಬನ್ನು ಕ್ಷಣದಲ್ಲಿ ತುಂಬಿಬಿಡುತ್ತೆ, ಎಲ್ಲಿ ನಿಂತಿತು ಅಂತ ತಿಳಿಯಲ್ಲ.

ಟ್ಯೂಬ್‌ಲೆಸ್ ಈಗಲೇ ಬೇಡ. ರಿಮ್ಮು, ಟಯರು ಎರಡರ ಮೇಲೂ ‘ಟ್ಯೂಬ್‌ಲೆಸ್ ರೆಡಿ’ ಅಂತ ಇದ್ದರೆ ಮಾತ್ರ ಆ ಯೋಚನೆ. ಸಾದಾ ರಿಮ್ಮಿಗೆ ಟೇಪ್ ಸುತ್ತಿ ಮಾಡಿಸಿದರೆ ಕಡಿಮೆ ಗಾಳಿಯಲ್ಲಿ ತಿರುಗಿಸುವಾಗ ಟಯರಿನ ಅಂಚು ರಿಮ್ಮಿಂದ ಜಾರುತ್ತೆ, ಒಂದೇ ಏಟಿಗೆ ಗಾಳಿ ಪೂರ್ತಿ ಹೋಗುತ್ತೆ.

ಪಂಕ್ಚರ್ ಹಾಕೋದು ಮನೇಲೇ ಕಲಿತು ಬನ್ನಿ, ಬಿಸಿಲಲ್ಲಿ ಹತ್ತು ಜನರನ್ನು ನಿಲ್ಲಿಸಿಕೊಂಡು ಕಲಿಯೋದಲ್ಲ. ಟಯರ್ ಹಾಕುವಾಗ ಅದರ ಮೇಲಿನ ಹೆಸರು ವಾಲ್ವ್ ನೇರಕ್ಕೆ ಬರುವಂತೆ ಕೂರಿಸಿ. ಟ್ಯೂಬಲ್ಲಿ ತೂತು ಸಿಕ್ಕಿತು ಅಂದರೆ ಟಯರಲ್ಲಿ ಮುಳ್ಳು ಎಲ್ಲಿದೆ ಅಂತ ಅಳೆದು ಹಿಡಿಯಬಹುದು. ಮುಳ್ಳು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ನೂರು ಮೀಟರಲ್ಲಿ ಮತ್ತೆ ಅದೇ ಕತೆ. ಟಯರಿನ ಒಳಗೆ ಬರಿ ಬೆರಳು ಆಡಿಸಬೇಡಿ, ಹತ್ತಿಬಟ್ಟೆ ಎಳೆಯಿರಿ: ಎಲ್ಲಿ ನೂಲು ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳು. ಪ್ಯಾಚಿಗೆ ಮೊದಲು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, 3ರಿಂದ 5 ನಿಮಿಷ ಬಿಡಿ. ಹೊಳಪು ಹೋಗಿ ಒಣಗಿದ ಮೇಲೇ ಪ್ಯಾಚ್ ಒತ್ತಬೇಕು. ಹಸಿಯಾಗಿದ್ದಾಗಲೇ ಅಂಟಿಸೋದರಿಂದಲೇ ಮುಕ್ಕಾಲು ಪ್ಯಾಚ್ ಬಿಡೋದು.

ಬ್ರೇಕ್: ನಿಮ್ಮ ಥರದ ಕೇಬಲ್ ಡಿಸ್ಕ್‌ಗಳಲ್ಲಿ ಹೆಚ್ಚಿನವಕ್ಕೆ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತೆ. ಒಳಗಿನದು ಸವೆದಂತೆ ನಾವೇ ತಿರುಗಿಸಿ ಹತ್ತಿರ ತರಬೇಕು. ಡಿಸ್ಕಿಗೆ ತಾಗುವ ತನಕ ತಿರುಗಿಸಿ, ಸ್ವಲ್ಪವೇ ಹಿಂದಕ್ಕೆ ಬಿಡಿ. ಆಮೇಲೆ ಕೇಬಲ್ ಬಿಗಿ. ಬರೀ ಕೇಬಲ್ ಎಳೆದು ಬಿಗಿ ಮಾಡುತ್ತಾ ಹೋದರೆ ಡಿಸ್ಕು ಒಂದೇ ಕಡೆಗೆ ಬಾಗುತ್ತೆ, ಬ್ರೇಕ್ ಸ್ಪಂಜಿನ ಹಾಗಾಗುತ್ತೆ. ಹೊಸ ಪ್ಯಾಡ್ ಆದರೆ ಖಾಲಿ ರಸ್ತೇಲಿ ವೇಗ ಹಿಡಿದು, ಚಕ್ರ ಲಾಕ್ ಆಗದ ಹಾಗೆ ನಡಿಗೆ ವೇಗಕ್ಕೆ ಇಳಿಸೋದನ್ನ ಒಂದೊಂದು ಬ್ರೇಕಿಗೂ 15–20 ಸಲ ಮಾಡಿ. ಚೈನಿಗೆ ಎಣ್ಣೆಯ ಸ್ಪ್ರೇ ಹೊಡೆಯಲೇಬೇಡಿ. ಒಂದು ಹನಿ ಡಿಸ್ಕಿಗೆ ತಾಗಿದರೆ ಪ್ಯಾಡ್ ಕಿರುಚುತ್ತೆ, ಹಿಡಿಯಲ್ಲ. ಕೊಂಡಿಗೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಮಿಕ್ಕಿದ್ದನ್ನ ಒರೆಸಿ.

ನಾಲೆಏರಿ:
ಸ್ಪ್ಯಾನರ್ ಸಾರ್ ಹೇಳಿದ್ದೆಲ್ಲ ಸರಿ, ಟ್ಯೂಬಿನ ವಿಚಾರಕ್ಕೆ ಮಾತ್ರ ನಾನು ಒಪ್ಪಲ್ಲ. ನಮ್ ಮಂಡ್ಯ ಕಡೆ ನಾಲೆ ಏರಿ ಅಂದ್ರೆ ಎರಡೂ ಕಡೆ ಸೀಮೆಜಾಲಿ. ರೈತರು ಜಾಲಿ ಕಡಿದು ಬೇಲಿಗೆ ಎಳ್ಕೊಂಡ್ ಹೋಗಿರ್ತಾರೆ, ಮುಳ್ಳು ದಾರಿ ಉದ್ದಕ್ಕೂ ಉದುರಿರ್ತದೆ. ಮಳೆಗಾಲ ಮುಗಿದ ಮೇಲೆ ನೆಗ್ಗಿಲು ಕಾಯಿ ಒಣಗಿ ಅದು ಬೇರೆ. ಜಾಲಿ ಮುಳ್ಳು ಉದ್ದ, ಚುಚ್ಚಿದ್ದು ಕಾಣ್ತದೆ. ನೆಗ್ಗಿಲು ಹಂಗಲ್ಲ, ಒಂದೇ ಸುತ್ತಿಗೆ ಐದಾರು ಕಡೆ ಕಚ್ಕೊಂಡಿರ್ತದೆ, ಒಂದು ತೂತು ಮುಚ್ಚಿದ್ರೆ ಇನ್ನೊಂದು ಬಾಯಿ ಬಿಡ್ತದೆ. ರಿಮ್ಮು ಸಾದಾ ಆದ್ರೆ ಬುಡಿ, ಟ್ಯೂಬಿನೊಳಕ್ಕೇ ಸೀಲೆಂಟ್ (ತೂತು ತಾನೇ ಮುಚ್ಚೋ ದ್ರವ) ಹಾಕ್ಸಿ. ನಿಮ್ಮ ದಪ್ಪ ವಾಲ್ವ್‌ದು ತಿರುಳು (ಒಳಗಿನ ಪಿನ್ನು) ಬಿಚ್ಚಿ ಅಲ್ಲಿಂದ್ಲೇ ಸುರೀಬೋದು. ಒಂದೊಂದು ಟ್ಯೂಬಿಗೆ 80ರಿಂದ 100 ಮಿ.ಲೀ. ಸಾಕು.

ಇನ್ನು ದಾರಿ. ಸುಗ್ಗಿ ಟೈಮಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡ್ತಾರೆ. ಕಾರು ದಾಟ್ತದೆ ಅಂತ ನೀವು ಸೈಕಲ್ ನುಗ್ಗಿಸ್ಬೇಡಿ. ಹುರುಳಿ ಬಳ್ಳಿ ಹಿಂದಿನ ಡಿರೇಲರ್‌ನ (ಗೇರ್ ಬದಲಿಸೋ ಭಾಗ) ಪುಟ್ಟ ಚಕ್ರಕ್ಕೆ ಸುತ್ಕೊಂಡ್ರೆ, ನೀವು ಇನ್ನೆರಡು ಪೆಡಲ್ ತುಳಿಯೋದ್ರೊಳಗೆ ಅದನ್ನ ಫ್ರೇಮಿಗೆ ಹಿಡಿದಿರೋ ಹ್ಯಾಂಗರ್ ಮುರೀತದೆ. ಇಳಿದು, ಎತ್ಕೊಂಡು, ಪಕ್ಕದಲ್ಲಿ ದಾಟಿ. ಅವರ ಬೆಳೆ ಅದು, ತುಳಿಯೋದೂ ಸರಿಯಲ್ಲ.

ಏರಿ ಮೇಲೆ ನಾಲೆ ಅಂಚಿಗೆ ಹೋಗ್ಬೇಡಿ. ಹೆಚ್ಚಿನ ಕಡೆ ತಡೆಗೋಡೆ ಇಲ್ಲ. 2018ರಲ್ಲಿ ಪಾಂಡವಪುರ ತಾಲ್ಲೂಕು ಕನಗನಮರಡಿ ಹತ್ರ ಬಸ್ಸೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದ್ರು. ಸಿಮೆಂಟ್ ಹಾಕಿರೋ ಇಳಿಜಾರಿನ ಮೇಲೆ ಪಾಚಿ ಇರ್ತದೆ, ಈಜು ಬರೋನಿಗೂ ಹತ್ತಿ ಬರೋದು ಕಷ್ಟ. ಎದುರಿಂದ ಟ್ರ್ಯಾಕ್ಟರ್ ಬಂದ್ರೆ ಗದ್ದೆ ಕಡೆಗೆ ನಿಲ್ಲಿ, ನೀರಿನ ಕಡೆಗಲ್ಲ. ಗದ್ದೆ ಕಡೆ ನಿಂತಾಗ ಬೇಲಿ ತಂತಿ ಮುಟ್ಬೇಡಿ, ಹಂದಿಗೆ ಅಂತ ಕರೆಂಟ್ ಕೊಟ್ಟಿರೋರೂ ಇದ್ದಾರೆ.

ಬಾಲಂಗೋಚಿ:
‘ಹಿಂದೆ ಬಿದ್ದರೆ’ ಅನ್ನೋದಕ್ಕೆ ಉತ್ತರ ನಾನು ಕೊಡುತ್ತೇನೆ, ಗುಂಪಿನ ಕಟ್ಟಕಡೆಯಲ್ಲಿ ಹೋಗೋದೇ ನನ್ನ ಕೆಲಸ.

ಸರಿಯಾಗಿ ನಡೆಸುವ ನೋ ಡ್ರಾಪ್ ರೈಡಲ್ಲಿ ಮುಂದೆ ಒಬ್ಬ ಲೀಡರ್, ಹಿಂದೆ ಒಬ್ಬ ಸ್ವೀಪ್. ಲೀಡರನ್ನು ಯಾರೂ ದಾಟೋ ಹಾಗಿಲ್ಲ, ಸ್ವೀಪಿನ ಹಿಂದೆ ಯಾರೂ ಉಳಿಯೋ ಹಾಗಿಲ್ಲ. ದಾರಿ ಕವಲೊಡೆದ ಕಡೆಯಲ್ಲೆಲ್ಲ ಲೀಡರ್ ಹಿಂದೆ ಇರುವವರು ನಿಂತು ಯಾವ ಕಡೆ ಅಂತ ಕೈ ತೋರಿಸಬೇಕು, ಸ್ವೀಪ್ ಬಂದ ಮೇಲೇ ಅಲ್ಲಿಂದ ಹೊರಡಬೇಕು. ಮುಂದಿನ ಕವಲಿಗೆ ಇನ್ನೊಬ್ಬರು. ಈ ಪದ್ಧತಿ ಕೆಡೋದು ಒಂದೇ ಕಾರಣಕ್ಕೆ: ನಿಂತವರಿಗೆ ಬೇಜಾರಾಗಿ ಹೊರಟುಬಿಡೋದು. ಕಬ್ಬಿನ ಗದ್ದೆ ನಡುವೆ ಎಲ್ಲಾ ದಾರಿಯೂ ಒಂದೇ ಥರ ಕಾಣುತ್ತೆ, ಒಂದು ಕವಲು ತಪ್ಪಿದರೆ ಅರ್ಧ ಗಂಟೆ ಹುಡುಕಾಟ. ನಿಮ್ಮನ್ನು ನಿಲ್ಲಿಸಿದರೆ ಫೋನ್ ನೋಡುತ್ತಾ ಕೂರಬೇಡಿ, ದಾರಿ ಬದಿಗೆ ಕಾಣುವ ಹಾಗೆ ನಿಲ್ಲಿ.

ಮಣ್ಣಲ್ಲಿ ನಿಲುಗಡೆ ಎಲ್ಲ ಸೇರಿಸಿ ಗಂಟೆಗೆ 11–13 ಕಿ.ಮೀ. ಬಂದರೆ ಚೆನ್ನಾಗಿ ಹೋದಿರಿ ಅಂತ ಅರ್ಥ. ರಿಂಗ್ ರೋಡಿನ ವೇಗ ಮರೆತುಬಿಡಿ. ಸುಸ್ತಾದರೆ ಹೇಳಿ, ಅದಕ್ಕೆ ಕಾಯೋದು ಕಷ್ಟವೇ ಅಲ್ಲ. ಕಷ್ಟ ಯಾವುದು ಅಂದರೆ, ಮನೇಲೇ ಸವೆದಿದ್ದ ಪ್ಯಾಡು, ಹಿಂದಿನ ರಾತ್ರಿಯೇ ಕರಕರ ಅನ್ನುತ್ತಿದ್ದ ಗೇರು ಇವನ್ನ ದಾರೀಲಿ ರಿಪೇರಿ ಮಾಡೋದು. ರೈಡ್ ತಡ ಆಗೋದು ಕಾಲಿನಿಂದಲ್ಲ, ಇಂಥದ್ದರಿಂದ.

ಅಂತರ: ಸಮತಟ್ಟಲ್ಲಿ ಮೂರು ಸೈಕಲ್ ಉದ್ದ, ಇಳಿಜಾರಲ್ಲಿ ಕನಿಷ್ಠ 10 ಮೀಟರ್. ಟಾರಲ್ಲಿ ಹೋಗೋ ಹಾಗೆ ಮುಂದಿನವರ ಚಕ್ರಕ್ಕೆ ಅಂಟಿಕೊಂಡರೆ ಧೂಳಲ್ಲಿ ಗುಂಡಿ ಕಾಣಲ್ಲ. ಮುಂದಿನವರು ‘ಗುಂಡಿ’, ‘ಪೈಪು’, ‘ದನ’, ‘ಗಾಡಿ ಮುಂದೆ’ ಅಂತ ಕೂಗುತ್ತಾರೆ. ಕೇಳಿ ಸುಮ್ಮನಾಗದೆ ಹಿಂದಿನವರಿಗೂ ಕೂಗಿ. ಪಂಪ್‌ಸೆಟ್ಟಿನ ಪೈಪು ಅಡ್ಡ ಬಿದ್ದಿದ್ದರೆ ನೇರ ದಾಟಿ, ಓರೆಯಾಗಿ ಹತ್ತಿದರೆ ಚಕ್ರ ಜಾರುತ್ತೆ. ದನದ ಮುಂದಿನಿಂದ ಹೋಗಬೇಡಿ, ಬಾಲದ ಕಡೆಯಿಂದ ನಿಧಾನಕ್ಕೆ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟು ನಡೆಯಿರಿ, ಬಹುಪಾಲು ಅಲ್ಲಿಗೇ ಮುಗಿಯುತ್ತೆ. ಕಬ್ಬಿನ ಪಕ್ಕದ ದಾರಿಗೆ ಬೆಳಕು ಹರಿದ ಮೇಲೇ ಇಳಿಯೋದು, ಚಿರತೆ ಕಾರಣಕ್ಕೆ. ಒಬ್ಬರೇ ಮುಂದೆ ಓಡಬೇಡಿ ಅನ್ನೋದಕ್ಕೂ ಅದೇ ಕಾರಣ.

ಮೈಸೂರಿಂದ ಸೈಕಲಲ್ಲೇ ಶ್ರೀರಂಗಪಟ್ಟಣಕ್ಕೆ ಬರೋದಾದರೆ ಸರ್ವಿಸ್ ರಸ್ತೆ ಹಿಡಿಯಿರಿ. ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆಗೆ ಸೈಕಲಿಗೂ ನಿಷೇಧ ಇದೆ. ಹಿಂದೆ ಕೆಂಪು ಲೈಟ್ ಇರಲಿ. ಹೆಲ್ಮೆಟ್ ಇಲ್ಲದಿದ್ದರೆ ಲೀಡರ್ ವಾಪಸ್ ಕಳಿಸುತ್ತಾರೆ, ಚರ್ಚೆ ಇಲ್ಲ.

ಹೊಸಪೆಡಲ್:
ಎಲ್ಲರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಟ್ಯೂಬಿಗೆ ಸೀಲೆಂಟ್ ಹಾಕಿದ ಮೇಲೆ ಅದೇ ಟ್ಯೂಬಿಗೆ ಪ್ಯಾಚ್ ಹಾಕೋಕೆ ಆಗುತ್ತಾ? ಇನ್ನೊಂದು, ಕರಿಘಟ್ಟದ ಇಳಿಜಾರಿಗೆ ಕೇಬಲ್ ಬ್ರೇಕ್ ಸಾಕಾ? ಬ್ಯಾಗಿನ ಪಟ್ಟಿ ಇನ್ನೂ ಯಾರೂ ಕೊಟ್ಟಿಲ್ಲ 🙂

ಸ್ಪ್ಯಾನರ್‌ಪಾಣಿ:
ನಾಲೆಏರಿ ಅವರ ಮಾತಿಗೆ ನನ್ನ ತಕರಾರು ಇರೋದೇ ಅಲ್ಲಿ. ಸೀಲೆಂಟ್ ಒಸರಿದ ತೂತಿನ ಸುತ್ತ ರಬ್ಬರು ಒದ್ದೆಯಾಗಿರುತ್ತೆ, ಸೊಲ್ಯೂಷನ್ ಹಿಡಿಯಲ್ಲ. ನೆಗ್ಗಿಲಿನಂಥ ಸಣ್ಣ ತೂತು ತಾನೇ ಮುಚ್ಚುತ್ತೆ, ನಿಜ. ಕಲ್ಲಿಗೆ ಬಡಿದು ಆದ ಸೀಳು ಮುಚ್ಚಲ್ಲ. ಆಗ ಆ ಟ್ಯೂಬನ್ನ ಪಕ್ಕಕ್ಕಿಟ್ಟು ಹೊಸದು ಹಾಕಬೇಕು. ಹಾಗಾಗಿ ಸೀಲೆಂಟ್ ಹಾಕಿಸಿ, ಆದರೆ ಬ್ಯಾಗಲ್ಲಿ ಒಂದಲ್ಲ, ಎರಡು ಟ್ಯೂಬ್ ಇಡಿ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಅದು ಒಣಗುತ್ತೆ, ಚಕ್ರ ಅಲ್ಲಾಡಿಸಿದಾಗ ಒಳಗೆ ಸದ್ದು ಬರದಿದ್ದರೆ ಖಾಲಿ ಅಂತ ತಿಳಿಯಿರಿ. ಗಾಳಿ ತುಂಬುವಾಗ ವಾಲ್ವ್ ಮೇಲಿರಲಿ, ಇಲ್ಲದಿದ್ದರೆ ತಿರುಳು ಅಂಟಿ ಕೂರುತ್ತೆ.

ಕರಿಘಟ್ಟಕ್ಕೆ ದೇವಸ್ಥಾನದ ತನಕ ಟಾರು ರಸ್ತೆ ಇದೆ, ಕೇಬಲ್ ಬ್ರೇಕ್ ಸಾಕು. ಉದ್ದಕ್ಕೂ ಬ್ರೇಕ್ ಎಳೆದುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತೆ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಜೋರಾಗಿ ಹಿಡಿದು ವೇಗ ಇಳಿಸಿ, ತಿರುವಲ್ಲಿ ಬಿಡಿ. ಒಂದೊಂದೇ ಬೆರಳು ಸಾಲದಿದ್ದರೆ ಎರಡೆರಡು ಇಡಿ, ನಾಚಿಕೆ ಏನಿಲ್ಲ. ಪೆಡಲ್ ಎರಡೂ ಸಮ ಎತ್ತರದಲ್ಲಿ, ಮೈ ಸೀಟಿಂದ ಎದ್ದು ಸ್ವಲ್ಪ ಹಿಂದೆ. ಫೋರ್ಕಿಗೆ ಲಾಕ್ ಇದ್ದರೆ ಹತ್ತುವಾಗ ಹಾಕಿ, ಇಳಿಯುವಾಗ ತೆಗೆಯೋದು ಮರೀಬೇಡಿ. ಇಳಿದ ತಕ್ಷಣ ಡಿಸ್ಕ್ ಮುಟ್ಟಿ ನೋಡೋ ಚಪಲ ಬೇಡ, ಬೆರಳು ಸುಡುತ್ತೆ. ಭಾನುವಾರ ಭಕ್ತರ ಗಾಡಿ ಜಾಸ್ತಿ, ಎಡಬದಿ ಬಿಡಬೇಡಿ. ರಸ್ತೆ ಬಿಟ್ಟು ಕುರುಚಲು ಕಾಡಿನ ಕಾಲುದಾರಿಗೆ ಇಳಿಯೋ ಆಸೆ ಬಂದರೂ ಬೇಡ, ಚಾಮುಂಡಿ ಬೆಟ್ಟಕ್ಕೂ ಇದೇ ಮಾತು.

ನಾಲೆಏರಿ:
ಎರಡು ಟ್ಯೂಬ್, ಒಪ್ದೆ ಸಾರ್.

ಬ್ಯಾಗಿಗೆ: ಎರಡು ಟ್ಯೂಬು (29ಕ್ಕೆ ಸರಿಹೋಗೋದೇ), ಮೂರು ಟಯರ್ ಲಿವರು, ಪ್ಯಾಚ್ ಡಬ್ಬಿ, ನಿಮ್ ವಾಲ್ವಿಗೆ ಕೂರೋ ಸಣ್ಣ ಪಂಪು, ಚೈನ್ ಕಟರ್ ಇರೋ ಮಲ್ಟಿಟೂಲು, 8 ಸ್ಪೀಡಿನ ಚೈನಿಗೆ ಆಗೋ ಕ್ವಿಕ್ ಲಿಂಕು (ತುಂಡಾದ ಚೈನ್ ಜೋಡಿಸೋ ಕೊಂಡಿ). 10 ಸ್ಪೀಡಿನ ಲಿಂಕು ಕಿರಿದು, ಅದು ನಿಮ್ಮದಕ್ಕೆ ಕೂರಲ್ಲ. ನಾಲ್ಕು ಜಿಪ್ ಟೈ. ಹರಿದ ಟಯರ್ ಒಳಗಿಂದ ಮುಚ್ಚೋಕೆ ಹಳೇ ಟಯರ್‌ದು ಒಂದು ಬೆರಳುದ್ದದ ತುಂಡು.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ, ಬಿಸಿಲಲ್ಲಿ ಮುಕ್ಕಾಲು. 38 ಕಿ.ಮೀ.ಗೆ ಎರಡು ಲೀಟರ್ ಹೊತ್ಕೊಳಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಅರ್ಧ ಬಾಟ್ಲಿಗೆ ಪೂರ್ತಿ ಸುರಿಯೋದಲ್ಲ. ಬಾಳೆಹಣ್ಣು, ಕಡ್ಲೆ ಮಿಠಾಯಿ ಸಾಕು. ರೈಡ್ ಮುಗಿದ ಮೇಲೆ ತಟ್ಟೆ ಇಡ್ಲಿ ಹೆಂಗೂ ಇದ್ದೇ ಇರ್ತದೆ.

ಬಾಲಂಗೋಚಿ:
ಪಟ್ಟಿಗೆ ಎರಡು ಸೇರಿಸಿ. ಒಂದು ಚೀಟಿ: ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರ್. ಬಿದ್ದವರ ಫೋನು ಲಾಕ್ ಆಗಿರುತ್ತೆ, ಚೀಟಿ ಆಗಿರಲ್ಲ. ಆಂಬುಲೆನ್ಸಿಗೆ 108. ಹಾವು ಕಚ್ಚಿದರೆ ಕಟ್ಟು ಬಿಗಿಯೋದು, ಕೊಯ್ಯೋದು, ಹೀರೋದು ಏನೂ ಬೇಡ. ಆ ಕೈಕಾಲು ಅಲ್ಲಾಡದ ಹಾಗೆ ಇಟ್ಟು ದೊಡ್ಡಾಸ್ಪತ್ರೆಗೆ ಸಾಗಿಸೋದು. ಮೈಸೂರಿಗೆ ಹತ್ತಿರವಿದ್ದರೆ ಕೆ.ಆರ್. ಆಸ್ಪತ್ರೆ, ಮಂಡ್ಯ ಹತ್ತಿರವಾದರೆ ಮಿಮ್ಸ್ (ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ).

ಇನ್ನೊಂದು ನಿಮ್ಮ ಸೈಕಲಿನದೇ ಡಿರೇಲರ್ ಹ್ಯಾಂಗರ್. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಸ್ವೀಪ್ ಹತ್ತಿರ ಇರೋದು ನಿಮ್ಮದಕ್ಕೆ ಕೂರುತ್ತೆ ಅನ್ನೋ ಖಾತ್ರಿ ಇಲ್ಲ. ಸೈಕಲ್ ಕೊಂಡ ಅಂಗಡೀಲಿ ಫ್ರೇಮಿನ ಮಾಡೆಲ್ ಹೇಳಿ ಈಗಲೇ ಒಂದು ತರಿಸಿಡಿ. ಅದಿಲ್ಲದಾಗ ಮುರಿದರೆ ಡಿರೇಲರ್ ಬಿಚ್ಚಿ, ಚೈನ್ ಕತ್ತರಿಸಿ, ಹಿಂದಿನ ಮಧ್ಯದ ಗೇರಿಗೆ ನೇರ ಹಾಕಿ ಒಂದೇ ಗೇರಲ್ಲಿ ವಾಪಸ್ ಬರಬೇಕಾಗುತ್ತೆ. ಆ ಸ್ಥಿತಿಯಲ್ಲಿ ಕರಿಘಟ್ಟ ಹತ್ತೋಕೆ ಹೋಗಬೇಡಿ. ಜೋರಾಗಿ ತುಳಿದರೆ ಚೈನ್ ಬಿಗಿಯಾಗಿ ದೊಡ್ಡ ಗೇರಿಗೆ ಹಾರಿ ಸಿಕ್ಕಿಕೊಳ್ಳುತ್ತೆ.